ಪಕ್ಕದ ಹೊಲದವರು

ಶನಿವಾರ ಬೆಳಗ್ಗೆ ಏಳು ಗಂಟೆಗೆ ಊರಿಂದ ದೊಡ್ಡಪ್ಪನ ಫೋನ್. "ಹೊಲ ಮಾರ್ತಿದ್ದೀಯಂತೆ? ಬ್ರೋಕರ್ ಬಾಯಲ್ಲಿ ಕೇಳ್ಬೇಕಾಯ್ತಲ್ಲಪ್ಪ."

ದೊಡ್ಡಪ್ಪ ಅಂದ್ರೆ ರಕ್ತಸಂಬಂಧ ಏನಿಲ್ಲ. ಪಕ್ಕದ ಹೊಲದವರು. ನಮ್ಮೂರು ಜಾವಗಲ್ ಹತ್ತಿರ. ತಾಲ್ಲೂಕು ಅರಸೀಕೆರೆ, ಆದರೆ ನಮ್ಮಜ್ಜಿಗೆ ಪೇಟೆ ಅಂದ್ರೆ ಹಳೇಬೀಡು. ಅಪ್ಪ ತೀರಿಕೊಂಡ ಮೇಲೆ ಒಂದು ಎಕರೆ ಹತ್ತು ಗುಂಟೆ ನನ್ನ ಮತ್ತು ಅಕ್ಕನ ಹೆಸರಿಗೆ ಜಂಟಿಯಾಗಿ ಬಂತು. ನಾನು ಬೆಂಗಳೂರಲ್ಲಿ, ಅಕ್ಕ ಮೈಸೂರಲ್ಲಿ. ರಾಗಿ ಬಿತ್ತೋರು ಯಾರು? 2020ರ ತಿದ್ದುಪಡಿ ಆದಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದವು. ನಮ್ಮ ಬ್ರೋಕರ್ ಈ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ರೇಟು ಏರಿಸಿದ್ದ. ಬೆಂಗಳೂರಿನ ಒಂದು ಪಾರ್ಟಿಯಿಂದ ಅಡ್ವಾನ್ಸ್ ಕೂಡ ಬಂದಾಗಿತ್ತು.

ಆ ವಾರವೇ ಊರಿಗೆ ಹೋದೆ. ದೊಡ್ಡಪ್ಪ ಕಾಫಿ ಕೊಟ್ಟು, ಸೀದಾ ವಿಷಯಕ್ಕೆ ಬಂದರು. "ಮಗ್ಗುಲ ಹೊಲದೋನಿಗೆ ಮೊದಲು ಕೇಳ್ಬೇಕು ಅಂತ ಕಾನೂನೇ ಐತೆ. ನಮ್ಮಪ್ಪ ಹೇಳ್ತಿದ್ರು."

ನಾನು ನಕ್ಕೆ. ಹಳ್ಳಿ ಕಡೆ ಪ್ರತಿಯೊಂದಕ್ಕೂ ಒಂದು ಕಾನೂನು ಇರುತ್ತೆ ಅಂದುಕೊಂಡೆ. ಆದರೂ ಕಾಲೇಜಿನ ಗೆಳತಿಯೊಬ್ಬಳು ವಕೀಲೆ, ಅವಳಿಗೆ ಫೋನ್ ಮಾಡಿ ಕೇಳಿದೆ. ನಗು ನಿಂತುಹೋಯ್ತು. ಕಾನೂನು ನಿಜಕ್ಕೂ ಇತ್ತು. 1966ರ ತುಂಡು ಹಿಡುವಳಿ ತಡೆ ಕಾಯ್ದೆ. ಜಮೀನು ಚೂರುಚೂರಾಗಿ ಉಳುಮೆಗೇ ಬಾರದ ಹಾಗೆ ಆಗಬಾರದು ಅನ್ನೋದು ಅದರ ಉದ್ದೇಶ. ತುಂಡು ಭೂಮಿ ಮಾರುವವನು ಮೊದಲು ಪಕ್ಕದ ಸರ್ವೆ ನಂಬರಿನವನಿಗೇ ಕೊಡಬೇಕಿತ್ತು. 1991ರಲ್ಲಿ ಆ ಕಾಯ್ದೆ ರದ್ದಾಯಿತು. ದೊಡ್ಡಪ್ಪನ ಮನೆಗೆ ಆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೇ.

"ಪಕ್ಕದವರಿಗೆ ಹಕ್ಕಿಲ್ಲ. ಆದರೆ ನಿಮ್ಮಕ್ಕನಿಗೆ ಇದೆ," ಅಂದಳು ಗೆಳತಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ. ಒಟ್ಟಿಗೆ ಆಸ್ತಿ ಪಡೆದ ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲು ಮಾರಲು ಹೊರಟರೆ, ಕೊಳ್ಳುವ ಮೊದಲ ಹಕ್ಕು ಉಳಿದವರದ್ದು. ಬೆಲೆ ಹೊಂದದಿದ್ದರೆ ಕೋರ್ಟ್ ನಿಗದಿ ಮಾಡುತ್ತೆ. ಇದು ಕೃಷಿ ಜಮೀನಿಗೂ ಅನ್ವಯ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಅಕ್ಕನಿಗೆ ಹೇಳಿದ್ರೆ, "ಹಕ್ಕು ಇಟ್ಕೊಂಡು ಏನ್ ಮಾಡ್ಲಿ, ದುಡ್ಡು ಯಾರು ಕೊಡ್ತಾರೆ?" ಅಂದಳು.

ಗೆಳತಿ ಇನ್ನೊಂದು ಮಾತು ಹೇಳಿದಳು, ಅದು ತಲೇಲಿ ಉಳೀತು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರ, ಭೂಮಿ ಕೈಬದಲಾಗುವಾಗ ಊರವರು, ದಾಯಾದಿಗಳು, ಪಕ್ಕದವರು ಒಪ್ಪಬೇಕು ಅನ್ನೋ ಹಳೆಯ ಮಾತನ್ನು ಎತ್ತಿಕೊಳ್ಳುತ್ತಾನೆ. ಪಕ್ಕದವರ ಒಪ್ಪಿಗೆ ಯಾಕೆ? ನಾಳೆ ಗಡಿ ಜಗಳ ಬರಬಾರದು ಅಂತ. ಅಲ್ಲಿ ಪಕ್ಕದವನಿಗೆ ಇರುವ ಪದ 'ಸಾಮಂತ'. ಆಗ ನಮ್ಮ ಹೊಯ್ಸಳರು ಅದೇ ಚಾಲುಕ್ಯರ ಸಾಮಂತರು, ಬೇರೆ ಅರ್ಥದಲ್ಲಿ. ಇರಲಿ.

ದೊಡ್ಡಪ್ಪನಿಗೆ ಕಾಯ್ದೆ ರದ್ದಾದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಟ್ರಂಕಿನಿಂದ ಅವರ ಹೊಲದ ಹಳೇ ಕ್ರಯಪತ್ರ ತೆಗೆದರು. ಚಕ್ಕುಬಂದಿಯಲ್ಲಿ ಪಶ್ಚಿಮಕ್ಕೆ ನಮ್ಮ ತಾತನ ಹೆಸರು. "ನಂಗೆ ಕೊಳ್ಳೋ ತಾಕತ್ತಿಲ್ಲ ಕಣೋ. ಶುಂಠಿ ಹಾಕಿ ಕಳ್ಕೊಂಡೆ. ಗಾಡಿದಾರಿ ಒಂದು ಕೇಳ್ತಿದ್ದೆ."

ಆಗ ಹೊಳೀತು. ಅವರ ಹೊಲಕ್ಕೆ ದಾರಿ ಇರೋದೇ ನಮ್ಮ ಹೊಲದ ಅಂಚಿನಲ್ಲಿ. ಯಾವ ಪತ್ರದಲ್ಲೂ ಅದು ಇಲ್ಲ. ಚಿಕ್ಕಂದಿನಲ್ಲಿ ಅದೇ ದಾರೀಲಿ ಅವರ ಗಾಡಿ ಹತ್ತಿ ಹೋಗ್ತಿದ್ದವನು ನಾನು. ಬ್ರೋಕರ್ ಜೊತೆ ನಿಂತು ಮೊಬೈಲಲ್ಲಿ ವಿಡಿಯೋ ಮಾಡಿದಾಗ ಆ ದಾರಿ ಕಾಣಿಸಲೇ ಇಲ್ಲ. ಇಪ್ಪತ್ತು ವರ್ಷ ಬಳಸಿದ ದಾರಿಗೆ ಅನುಭೋಗದ ಹಕ್ಕು ಕೇಳಬಹುದು, 1882ರಿಂದಲೂ ಕಾನೂನಿದೆ. ಆದರೆ ಬೇಲಿ ಬಿದ್ದ ಮೇಲೆ ಕೋರ್ಟಿಗೆ ಅಲೆಯೋರು ಯಾರು? ಎಪ್ಪತ್ತು ದಾಟಿದ ಮನುಷ್ಯ.

ಪಾರ್ಟಿಗೆ ಹೇಳಿದೆ, ಕ್ರಯಪತ್ರದಲ್ಲಿ ದಾರಿ ಬರೆಸಬೇಕು ಅಂತ. ಅವರಿಗೆ ಇಷ್ಟ ಆಗಲಿಲ್ಲ. ಫಾರ್ಮ್‌ಹೌಸ್ ಅಂಚಲ್ಲಿ ಟ್ರ್ಯಾಕ್ಟರ್ ಓಡಾಡೋದು ಯಾರಿಗೆ ಬೇಕು. ಒಂದೂವರೆ ಲಕ್ಷ ಕಡಿಮೆ ಮಾಡಿದರೆ ಸರಿ ಅಂದರು. ನಿಜ ಹೇಳ್ತೀನಿ, ಎರಡು ರಾತ್ರಿ ಲೆಕ್ಕ ಹಾಕಿದೆ. ನನ್ನ ಹೋಮ್ ಲೋನಿನ ಎಷ್ಟು ಇಎಂಐ ಅದು! ದೊಡ್ಡಪ್ಪ ಹೇಗೂ ಕೇಸ್ ಹಾಕೋರಲ್ಲ ಅನ್ನೋ ಧೈರ್ಯವೂ ಒಳಗಿತ್ತು. ಅಕ್ಕನಿಗೆ ಫೋನ್ ಮಾಡಿದ್ರೆ, "ಮೊದಲ ಹಕ್ಕು ನಂದು ಅಂದ್ಯಲ್ಲ? ಹಾಗಾದ್ರೆ ದಾರಿ ಬರೆಸು," ಅಂತ ಇಟ್ಟೇಬಿಟ್ಟಳು.

ಅರಸೀಕೆರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ದೊಡ್ಡಪ್ಪನನ್ನೇ ಸಾಕ್ಷಿಗೆ ಕರ್ಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕ್ಕೊಂಡು ಬಂದಿದ್ದರು. ಸಹಿಗೆ ಮೊದಲು, "ಆ ಸಾಲು ಓದು," ಅಂದರು. ಹತ್ತು ಅಡಿ ಅಗಲದ ದಾರಿ, ಉತ್ತರದ ಬದುವಿನ ಗುಂಟ, ಪೂರ್ವದ ಹೊಲದವರಿಗೆ ಶಾಶ್ವತವಾಗಿ ಅಂತ ಓದಿದೆ. "ಇನ್ನೊಂದ್ಸಲ ಓದು." ಓದಿದೆ. ಕನ್ನಡಕ ಸರಿಮಾಡಿಕೊಂಡು, ನಿಧಾನಕ್ಕೆ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಹೊರಗೆ ಬಂದು ಕೇಳಿದರು, "ಇನ್ಮೇಲೆ ಯಾವಾಗ್ ಬರ್ತೀಯ ಊರಿಗೆ?" ಉತ್ತರ ಹೊಳೀಲಿಲ್ಲ. ಮೂರೂವರೆಗೆ ಟ್ರೈನು ಇದೆ ದೊಡ್ಡಪ್ಪ ಅಂದೆ.