ಕಾಸಿಮೇಡಿನಲ್ಲಿ ಒಂದು ಬಾಲ

ಚೆನ್ನೈಗೆ ಬಂದು ಹದಿನೇಳು ವರ್ಷವಾದರೂ ಕಾಸಿಮೇಡು ಬಂದರಿಗೆ ನಾನು ಹೋದದ್ದು ಎರಡೇ ಸಲ. ಗಂಗೊಳ್ಳಿಯಲ್ಲಿ ಮೀನಿನ ವಾಸನೆಯಲ್ಲೇ ಬೆಳೆದವನಿಗೆ ಇನ್ನೊಂದು ಬಂದರು ನೋಡುವ ಆಸೆ ಏನಿರುತ್ತದೆ? ಆದರೆ ಜೂನ್ ಕೊನೆಯ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಮಗಳೇ ಎಬ್ಬಿಸಿದಳು. "ಅಪ್ಪಾ, ಟ್ಯೂನಾ ಬಾಲ ನೋಡ್ಬೇಕು. ವಿಡಿಯೋ ಸಾಕಾಗ್ತಿಲ್ಲ."

ಅವಳು ಮೆಕ್ಯಾನಿಕಲ್ ಮೂರನೇ ವರ್ಷ. ಪ್ರಾಜೆಕ್ಟು, ಮೀನಿನಂತೆ ಈಜುವ ರೋಬೋಟ್. ಅಪಾರ್ಟ್‌ಮೆಂಟಿನ ಮಕ್ಕಳ ಕೊಳದಲ್ಲಿ ಬಿಟ್ಟರೆ ಬಾಲ ಪಟಪಟ ಬಡಿಯುತ್ತಿತ್ತು, ತಲೆಯೂ ಅಷ್ಟೇ ಜೋರಾಗಿ ಅತ್ತಿತ್ತ ಅಲ್ಲಾಡುತ್ತಿತ್ತು, ಮೀನು ಮಾತ್ರ ಇದ್ದಲ್ಲೇ. ಎರಡು ಸಲ ನೀರು ನುಗ್ಗಿ ಮೋಟಾರು ಸುಟ್ಟಿತ್ತು. ರಿವ್ಯೂಗೆ ಹತ್ತು ದಿನ ಉಳಿದಿತ್ತು. ಬೇರೆ ವಿಷಯ ತೆಗೆದುಕೊಳ್ಳಲೇ ಎಂದು ಹಿಂದಿನ ರಾತ್ರಿ ಅತ್ತಿದ್ದಳು.

ರಾಯಪುರಂ ದಾಟಿದರೆ ಕಾಸಿಮೇಡು. ಪೂರ್ವ ಕರಾವಳಿಯ 61 ದಿನಗಳ ಮೀನುಗಾರಿಕೆ ನಿಷೇಧ ಜೂನ್ 14ಕ್ಕೆ ಮುಗಿದಿತ್ತಾದ್ದರಿಂದ ಜನವೋ ಜನ. ಐಸ್ ಕರಗಿದ ನೀರು ಚಪ್ಪಲಿಯೊಳಗೆ, ಹರಾಜಿನ ಕೂಗು ಕಿವಿಯೊಳಗೆ. ನಮ್ಮ ಅಂಜಲ್ ಇಲ್ಲಿ ವಂಜಿರಂ, ತೊರಕೆ ಇಲ್ಲಿ ತಿರುಕ್ಕೈ, ಕೇದರ ಇಲ್ಲಿ ಸೂರೈ.

ಸೂರೈ ರಾಶಿಯ ಮುಂದೆ ಮಗಳು ಕುಕ್ಕರಗಾಲಲ್ಲಿ ಕೂತು ಬಾಲ ಬಗ್ಗಿಸಿ ನೋಡತೊಡಗಿದಳು. ಮಾರುವ ಹೆಂಗಸು, "ಪಾತ್ತಾ ಪೋದುಮಾ? ವಾಂಗ ವೇಣ್ಡಾಮಾ?" ಎಂದು ರೇಗಿದಳು. ಬರೀ ನೋಡಿದರೆ ಸಾಕೇ, ಕೊಳ್ಳುವುದು ಬೇಡವೇ ಎಂದು.

ನಾನೂ ಬಗ್ಗಿ ಮುಟ್ಟಿದೆ. ಬಾಲದ ರೆಕ್ಕೆ ಬಿದಿಗೆ ಚಂದ್ರನ ಹಾಗೆ, ಹಲಗೆಯಂತೆ ಗಟ್ಟಿ. ಅದಕ್ಕೆ ಮುಂಚಿನ ಕುತ್ತಿಗೆ ಬೆರಳಿನಷ್ಟು ಸಣ್ಣ. ಎದೆಯ ಕಡೆ ಮಾತ್ರ ದಪ್ಪ, ಭಾರ. ಬಾಲ ಎಡಕ್ಕೆ ಬೀಸಿದರೆ ನೀರು ತಲೆಯನ್ನೂ ತಿರುಗಿಸಲು ನೋಡುತ್ತದೆ. ಮುಂದಿನ ಆ ಭಾರವೇ ಅದನ್ನು ತಡೆಯುತ್ತದೆ. ಹಾವುಮೀನು ಮೈಯಿಡೀ ಬಳುಕಿದರೆ ಕೇದರ ಹಿಂಭಾಗವನ್ನಷ್ಟೇ ಆಡಿಸುತ್ತದೆ. "ನಂದು ತಲೆಯಿಂದ ಬಾಲದವರೆಗೂ ಒಂದೇ ದಪ್ಪ ಅಪ್ಪಾ! ಬ್ಯಾಟರಿ ಬೇರೆ ಹಿಂದಿದೆ," ಎಂದಳು.

ಚಿಕ್ಕವನಿದ್ದಾಗ ನನ್ನ ಅಪ್ಪಯ್ಯ ದೋಣಿಯಿಂದ ಇಳಿದು ಇದನ್ನೇ ತೋರಿಸುತ್ತಿದ್ದರು. "ತಲಿ ಕಾಣ್ಬೇಡ ಮಗಾ, ಬಾಲ ಕಾಣ್." ದೂರ ಓಡುವ ಮೀನು ಯಾವುದು, ಬಂಡೆಯಡಿ ಕೂರುವುದು ಯಾವುದು, ಬಾಲದಲ್ಲೇ ಹೇಳುತ್ತಿದ್ದರು. ಓದಿ ಈ ವಾಸನೆಯಿಂದ ತಪ್ಪಿಸಿಕೊಳ್ಳಬೇಕೆಂದಿದ್ದ ನಾನು ಕಿವಿಗೊಡಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ವಾಪಸು ಬರುವಾಗ ಮಗಳದೇ ಮಾತು. ಅಮೆರಿಕದ ಎಂಐಟಿಯಲ್ಲಿ 1990ರ ದಶಕದಲ್ಲೇ ಟ್ಯೂನಾವನ್ನು ನೋಡಿ 'ರೋಬೋಟ್ಯೂನಾ' ಮಾಡಿದರಂತೆ. ಸೆಕೆಂಡಿಗೆ ಬಾಲ ಎಷ್ಟು ಸಲ ಬೀಸುತ್ತದೆ, ಎಷ್ಟು ಅಗಲ ಬೀಸುತ್ತದೆ, ಇವೆರಡನ್ನು ಗುಣಿಸಿ ವೇಗದಿಂದ ಭಾಗಿಸಿದರೆ ಚೆನ್ನಾಗಿ ಈಜುವ ಮೀನುಗಳಲ್ಲಿ ಉತ್ತರ ಸುಮಾರು 0.2ರಿಂದ 0.4. ಬಾಲ ಬಿಟ್ಟುಹೋಗುವ ಸುಳಿಗಳೇ ಆಗ ಮೀನನ್ನು ಮುಂದೆ ತಳ್ಳುತ್ತವೆ. ಸತ್ತ ಟ್ರೌಟ್ ಮೀನು ಕೂಡ ಅಡ್ಡವಿಟ್ಟ ಕಂಬದ ಹಿಂದಿನ ಸುಳಿಗಳಲ್ಲಿ ಬಳುಕುತ್ತಾ ಪ್ರವಾಹಕ್ಕೆ ಎದುರಾಗಿ ಹೋದದ್ದನ್ನು ಪ್ರಯೋಗದಲ್ಲಿ ಕಂಡಿದ್ದಾರೆ! ಅದೇ ಎಂಐಟಿಯವರು 2018ರಲ್ಲಿ ತೋರಿಸಿದ 'ಸೋಫಿ'ಯದು ಸಿಲಿಕೋನ್ ಬಾಲ; ಒಳಗೆ ಎರಡು ಕೋಣೆ. ಪಂಪು ನೀರನ್ನು ಒಂದರಿಂದ ಇನ್ನೊಂದಕ್ಕೆ ತಳ್ಳಿದಂತೆ ಬಾಲ ಅತ್ತಿತ್ತ ಬಾಗುತ್ತದೆ. ಫಿಜಿಯ ಹವಳದ ದಂಡೆಗಳಲ್ಲಿ ಅದು ಮೀನುಗಳ ಪಕ್ಕದಲ್ಲೇ ಈಜಿತು.

ಕೊಂಡ ಸೂರೈ ಗಸಿಯಾಯಿತು. ಬಾಲ ಮಾತ್ರ ವಾರವಿಡೀ ಫ್ರೀಜರಿನಲ್ಲಿ, ಹೆಂಡತಿಯ ಬೈಗುಳದ ನಡುವೆ. ಮಗಳು ಬ್ಯಾಟರಿಯನ್ನು ಮುಂದಕ್ಕೆ ತಂದಳು, ಕುತ್ತಿಗೆ ಸಣ್ಣ ಮಾಡಿದಳು, ಬಡಿತ ನಿಧಾನಗೊಳಿಸಿದಳು. ಮುಂದಿನ ಶನಿವಾರ ಅವಳ ಮೀನು ಕೊಳದ ಅಗಲವನ್ನು ನೆಟ್ಟಗೆ ದಾಟಿತು. ಮರಳುವಾಗ ಮತ್ತೆ ನೀರು ನುಗ್ಗಿ ಮುಳುಗಿತು. ಆದರೂ ವಿಷಯ ಬದಲಿಸುವ ಮಾತು ಮತ್ತೆ ಬರಲಿಲ್ಲ.

ಪಶ್ಚಿಮ ಕರಾವಳಿಯಲ್ಲಿ ನಿಷೇಧ ಜುಲೈ 31ರವರೆಗೆ. ಆಗಸ್ಟಿನಲ್ಲಿ ಗಂಗೊಳ್ಳಿಯ ದೋಣಿಗಳು ಇಳಿಯುವ ಹೊತ್ತಿಗೆ ಟಿಕೆಟ್ ಮಾಡಿಸಿದ್ದೇನೆ. ಬಂಗುಡೆಯ ಬಾಲ ನೋಡಬೇಕಂತೆ. ಊರಿಗೆ ಹೋಗೋಣ ಎಂದು ಅವಳಾಗಿ ಕೇಳಿದ್ದು ಇದೇ ಮೊದಲು.