ಕಂಪನಿ ಸೇರಿದ ಹುಡುಗರು

“ಹುಡುಗ ಕಂಪನಿ ಸೇರಿದನಂತೆ” ಎಂಬುದು ಒಂದು ಕಾಲದಲ್ಲಿ ಮನೆಗಳಲ್ಲಿ ಪಿಸುದನಿಯಲ್ಲಿ ಆಡುವ ಮಾತಾಗಿದ್ದಿತು. ಕಂಪನಿಯೆಂದರೆ ನಾಟಕ ಕಂಪನಿ. ಜೂಜಾಡಿ ಹೊಲ ಕಳೆದ ಮಗನನ್ನಾದರೂ ಕ್ಷಮಿಸಿಯಾರು. ಮುಖಕ್ಕೆ ಬಣ್ಣ ಬಳಿದು, ಸೀರೆಯುಟ್ಟು ರಂಗದ ಮೇಲೆ ನಿಂತ ಮಗನನ್ನು ಕ್ಷಮಿಸುವ ತಂದೆಯರು ವಿರಳ. ಅಂಥವನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಮದುವೆಮನೆಯಲ್ಲಿ ಅವನ ಸುದ್ದಿ ಬಂದರೆ ನೆಂಟರು ಮಾತು ತಿರುಗಿಸುತ್ತಿದ್ದರು. ಇಪ್ಪತ್ತು ವರ್ಷಗಳ ತರುವಾಯ ಅವನೇ ಚಿತ್ರನಿರ್ದೇಶಕನಾಗಿ ಊರಿಗೆ ಬಂದಿಳಿದನೋ, ಅದೇ ನೆಂಟರು “ಇವನು ನಮ್ಮವನೇ” ಎಂದು ಹಾರ ಹಿಡಿದು ನಿಲ್ಲುತ್ತಿದ್ದರು. ಕನ್ನಡ ಚಲನಚಿತ್ರದ ಮೊದಲ ನಾಲ್ಕು ದಶಕಗಳ ಚರಿತ್ರೆಯ ಬಹುಭಾಗ ಆ ಪಿಸುಮಾತಿಗೂ ಈ ಹಾರಕ್ಕೂ ನಡುವಣ ಕಥೆಯೇ ಆಗಿದೆ.

ಈ ಹುಡುಗರು ಕಲಿತ ಪಾಠಶಾಲೆಯನ್ನು ಕಣ್ಣಾರೆ ನೋಡಬಯಸುವವರು ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬಳಿಯ ಬನಶಂಕರಿಗೆ ಹೋಗಬೇಕು. ತೇರು ಎಳೆದ ಮೇಲೂ ಅಲ್ಲಿನ ಜಾತ್ರೆ ಬೇಗ ಕರಗುವುದಿಲ್ಲ. ನಾಟಕ ಕಂಪನಿಗಳು ತಗಡಿನ ಗೋಡೆಗಳನ್ನೆಬ್ಬಿಸಿ ಒಂದರ ಮಗ್ಗುಲಲ್ಲೊಂದು ಬಿಡಾರ ಹೂಡುತ್ತವೆ. ಒಂದು ಆಟ ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು ಆಟದ ಗಂಟೆ ಬಾರಿಸುತ್ತದೆ. ಬಾಗಲಕೋಟೆ, ಗುಳೇದಗುಡ್ಡ, ಹುನಗುಂದ, ಇಳಕಲ್ಲುಗಳಿಂದ ಬಂದ ಸಂಸಾರಗಳು ರೊಟ್ಟಿ ಬುತ್ತಿ ಬಿಚ್ಚಿ ಉಂಡು, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಒಂದು ಥೇಟರಿನಿಂದ ಮತ್ತೊಂದಕ್ಕೆ ನಡೆಯುತ್ತವೆ.

ಕಂಪನಿ ಸೇರಿದ ಹುಡುಗನಿಗೆ ಮೊದಲ ದಿನವೇ ಪಾತ್ರ ದೊರೆಯುತ್ತಿರಲಿಲ್ಲ. ನೀರು ಹೊರಬೇಕು, ಗೋಡೆಗೆ ಜಾಹೀರಾತು ಅಂಟಿಸಬೇಕು, ಪರದೆ ಎಳೆಯಬೇಕು. ಆಮೇಲೆ ಲೋಹಿತಾಶ್ವ, ಪ್ರಹ್ಲಾದ. ದನಿ ಒಡೆಯುವ ಮುನ್ನ ಸ್ತ್ರೀಪಾತ್ರ. ಹೀಗೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಬಣ್ಣ, ಬೆಳಕು, ಹಾಡು, ಮಾತು, ಟಿಕೆಟ್ಟಿನ ಲೆಕ್ಕ ಎಲ್ಲವೂ ಒಬ್ಬನದೇ ಕೈಗೆ ಬರುತ್ತಿದ್ದುವು. ಎಲ್ಲಕ್ಕೂ ಮಿಗಿಲಾಗಿ, ನೋಡುವವನು ಯಾವ ಗಳಿಗೆಯಲ್ಲಿ ಆಕಳಿಸುತ್ತಾನೆ, ಯಾವ ಗಳಿಗೆಯಲ್ಲಿ ಕಣ್ಣೊರಸಿಕೊಳ್ಳುತ್ತಾನೆ ಎಂಬುದನ್ನು ಅವನು ಪರದೆಯ ಮರೆಯಿಂದ ಪ್ರತಿರಾತ್ರಿ ನೋಡುತ್ತಿದ್ದನು. ಚಿತ್ರ ತೆಗೆಯುವವನಿಗೆ ಇದಕ್ಕಿಂತ ಮೇಲಾದ ವಿದ್ಯೆ ಯಾವುದು?

ಮನೆಯವರು ಕೆಟ್ಟನೆಂದ ಹುಡುಗನೇ ಕ್ಯಾಮೆರಾ ಹಿಡಿದ ಕಥೆ ಈ ನಾಡಿಗಷ್ಟೇ ಸೇರಿದುದಲ್ಲ. 1976-77ರ ಲಂಡನ್ ನಗರದಲ್ಲಿ ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡು, ಮೂರೇ ಸ್ವರಮೇಳ ಬಲ್ಲೆವೆಂದು ಗಿಟಾರು ಬಾರಿಸುತ್ತಿದ್ದ ಹುಡುಗರ ಗುಂಪೊಂದು ಎದ್ದಿತು. ‘ಪಂಕ್’ ಎಂಬ ಬೈಗುಳವನ್ನೇ ಅವರು ಬಿರುದಾಗಿ ಧರಿಸಿದರು. ಅವರು ಕೂಡುತ್ತಿದ್ದ ರಾಕ್ಸಿ ಎಂಬ ಕ್ಲಬ್ಬಿನಲ್ಲಿ ಧ್ವನಿಮುದ್ರಿಕೆಗಳನ್ನು ಹಾಕುತ್ತಿದ್ದ ಡಾನ್ ಲೆಟ್ಸ್ ಎಂಬ ತರುಣ ಪುಟ್ಟದೊಂದು ಸೂಪರ್-8 ಕ್ಯಾಮೆರಾದಲ್ಲಿ ಗೆಳೆಯರ ಗದ್ದಲವನ್ನೆಲ್ಲ ಸೆರೆಹಿಡಿದ. ಅದು 1978ರಲ್ಲಿ ಚಿತ್ರವಾಯಿತು, ಅವನು ಚಿತ್ರನಿರ್ದೇಶಕನಾದ. ಶಾಲೆಯಿಲ್ಲ, ಅಪ್ಪಣೆಯಿಲ್ಲ, ಕೈಯಲ್ಲಿದ್ದುದನ್ನು ಹಿಡಿದು ಕೆಲಸಕ್ಕೆ ತೊಡಗುವ ಧೈರ್ಯವೊಂದೇ ಬಂಡವಾಳ. ಆ ಬಂಡವಾಳ ಕನ್ನಡದ ಕಂಪನಿ ಹುಡುಗರಲ್ಲಿ ಅದಕ್ಕೆ ನಾಲ್ಕು ದಶಕ ಮೊದಲೇ ಇದ್ದಿತು.

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಾಗ ಅದರ ಮುಖ್ಯಪಾತ್ರಗಳಲ್ಲಿ ನಿಂತವರು ರಂಗಭೂಮಿಯ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು. ಎಳೆಯ ವಯಸ್ಸಿನಲ್ಲಿಯೇ ಗುಬ್ಬಿ ಕಂಪನಿ ಸೇರಿದ ಜಿ.ವಿ. ಅಯ್ಯರ್ 1975ರಲ್ಲಿ ‘ಹಂಸಗೀತೆ’ಯನ್ನೂ, 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನೂ ನಿರ್ದೇಶಿಸಿದರು. ಮನೆ ಬಿಟ್ಟೋಡಿ ಅದೇ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರೇ ಓದಲು ಕಾಶಿಗೆ ಕಳುಹಿಸಿದರು. ಆ ಹುಡುಗ 1975ರಲ್ಲಿ ‘ಚೋಮನ ದುಡಿ’ಯನ್ನು ನಿರ್ದೇಶಿಸಿ ರಾಷ್ಟ್ರದ ಸ್ವರ್ಣಕಮಲವನ್ನು ತಂದನು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ನಾಲ್ವರೂ ಚಿತ್ರಗಳಲ್ಲಿ ಕೆಲಸ ವಿರಳವಾದಾಗ ಮರಳಿ ಬಣ್ಣ ಹಚ್ಚಿ ಊರೂರು ತಿರುಗಿ ನಾಟಕವಾಡಿದರು. ತರುವಾಯ ತಾವೇ ನಿರ್ಮಾಪಕರಾಗಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ಹೊರತಂದರು. ಹಸಿದಾಗ ಅವರಿಗೆ ನೆನಪಾದ ತಾಯಿಮನೆ ಕಂಪನಿಯೇ.

ಇವರೆಲ್ಲ ದಕ್ಷಿಣದವರಾಯಿತು, ಘಟಪ್ರಭೆ ಮಲಪ್ರಭೆಗಳ ಸೀಮೆ ಏನು ಕೊಟ್ಟಿತೆಂದು ಕೇಳುವವರುಂಟು. ‘ರಕ್ತರಾತ್ರಿ’ಯನ್ನು ಬರೆದು ‘ಕರ್ನಾಟಕದ ಶೇಕ್ಸ್‌ಪಿಯರ್’ ಎನಿಸಿಕೊಂಡ ಕಂದಗಲ್ಲ ಹನುಮಂತರಾಯರು ಹುನಗುಂದ ಸೀಮೆಯವರು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು. 1948ರ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಿಸಿದರು. ಅವರ ಸೋದರಿ ಗೋಹರಬಾಯಿ ಬಾಲಗಂಧರ್ವರ ಕಂಪನಿಯಲ್ಲಿ ಹಾಡಿದವರು. ಕಂಪನಿ ಸೇರಿದ ಹುಡುಗನ ಹೆಸರನ್ನು ಪಿಸುಗುಟ್ಟುತ್ತಿದ್ದ ಸಮಾಜ, ರಂಗವನ್ನೇರಿದ ಹೆಣ್ಣಿನ ಹೆಸರನ್ನು ಗಟ್ಟಿಯಾಗಿಯೇ ಹಳಿಯುತ್ತಿದ್ದಿತೆಂಬುದನ್ನು ನೆನೆದರೆ ಈ ಸೋದರಿಯರ ದಾರಿ ಎಷ್ಟು ಕಡಿದಾಗಿತ್ತೆಂಬುದು ತಿಳಿದೀತು.

ಇನ್ನೊಂದು ಕೊಡುಗೆಯನ್ನು ಜನ ದಿನವೂ ಕೇಳುತ್ತಾರೆ, ಆದರೆ ಅದರ ಊರು ಅವರಿಗೆ ಗೊತ್ತಿಲ್ಲ. ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಕಂಪನಿಗಳಿಗೆಂದು ಬರೆದ ನಾಟಕ ‘ಸಂಪತ್ತಿಗೆ ಸವಾಲ್’. ಹಳ್ಳಿಯ ಸಿರಿವಂತನ ಸೊಕ್ಕಿಗೆ ಬಡವರ ಮಗನೊಬ್ಬ ಎದುರಾಗುವ ಕಥೆಯದು. 1974ರಲ್ಲಿ ಎ.ವಿ. ಶೇಷಗಿರಿರಾವ್ ಅದನ್ನು ಚಿತ್ರವಾಗಿಸಿದರು. ಅಲ್ಲಿಯವರೆಗೆ ರಾಜಕುಮಾರರ ತುಟಿಗಳಿಗೆ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸರ ಕಂಠವೇ ಹಾಡುತ್ತಿದ್ದಿತು. ಈ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ರಾಜಕುಮಾರರೇ ಹಾಡಿದರು. ಆಮೇಲೆ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡುವುದು ರೂಢಿಯಾಯಿತು. ನಟನಾದವನು ತನ್ನ ಹಾಡನ್ನು ತಾನೇ ಹಾಡಬೇಕೆಂಬುದು ಕಂಪನಿಯ ನಿಯಮ. ತಂದೆಯ ಹಿಂದೆ ಗುಬ್ಬಿ ಕಂಪನಿಗೆ ಹೋದ ಬಾಲಕನಿಗೆ ಆ ನಿಯಮವನ್ನು ಮರಳಿಸಿದ್ದು ಹುನಗುಂದ ಸೀಮೆಯ ಒಂದು ನಾಟಕ!

ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನು ಬೇರೆ, ಸೆರಗಿನ ಹಾಸನ್ನು ಬೇರೆ ಹೂಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದು. ಕಂಪನಿಗೂ ಸಿನಿಮಾಕ್ಕೂ ಇದ್ದ ಸಂಬಂಧ ಇಂಥದೇ. ನೋಡುವವರ ಕಣ್ಣು ರೇಷ್ಮೆಯ ಸೆರಗಿಗೆ ಹೋಗುವುದು ಸಹಜ. ಮೈ ಮುಚ್ಚಿದುದು ಹತ್ತಿಯ ಒಡಲು. ಸಿನಿಮಾ ಬೆಳೆಯಿತು, ದೂರದರ್ಶನ ಮನೆಯೊಳಕ್ಕೇ ಬಂದಿತು. ಕಂಪನಿಗಳು ಒಂದೊಂದಾಗಿ ಪರದೆ ಸುತ್ತಿದುವು. 2020ರ ಮಹಾಮಾರಿಯಲ್ಲಿ ಉಳಿದವೂ ಬಾಗಿಲು ಮುಚ್ಚಿ, ಕಲಾವಿದರು ಕೂಲಿನಾಲಿಗೆ ಹೋಗಬೇಕಾಯಿತು. ಮಗ ಕೀರ್ತಿವಂತನಾದ ಮೇಲೆ ಅವನನ್ನು ಸಾಕಿದ ತಾಯಿಯನ್ನು ಮರೆಯುವ ಮನೆಯಂತೆ ನಾಡೂ ನಡೆದುಕೊಂಡಿತೆಂದರೆ ಅತಿಶಯೋಕ್ತಿಯಾಗದು.

ಕಂಪನಿ ಸೇರಿದವರೆಲ್ಲರೂ ಅಯ್ಯರ್ ಆಗಲಿಲ್ಲ, ಕಾರಂತರಾಗಲಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಪರದೆ ಎಳೆಯುತ್ತಲೇ ಮುದುಕರಾದರು. ತಂದೆತಾಯಿಗಳ ಅಂಜಿಕೆ ಪೂರಾ ಸುಳ್ಳಾಗಿರಲಿಲ್ಲ. ಆದರೆ ಆ ತೊಂಬತ್ತೊಂಬತ್ತು ಮಂದಿ ಇಲ್ಲದಿದ್ದರೆ ನೂರನೆಯವನಿಗೆ ನಿಲ್ಲಲು ರಂಗವೇ ಇರುತ್ತಿರಲಿಲ್ಲ. ಇಂದೂ ಯಾವುದೋ ಮನೆಯ ಹುಡುಗ ಓದು ಬಿಟ್ಟು ಗೆಳೆಯರೊಡನೆ ವಾದ್ಯ ಬಡಿಯುತ್ತಲೋ, ಅಂಗೈಯಗಲದ ಫೋನಿನಲ್ಲಿ ಚಿತ್ರ ಹಿಡಿಯುತ್ತಲೋ ಹಿರಿಯರ ನಿದ್ದೆ ಕೆಡಿಸುತ್ತಿರಬಹುದು. ಅವನನ್ನು ಗದರಿಸುವ ಮುನ್ನ ಬರುವ ಬನದ ಹುಣ್ಣಿಮೆಗೆ ಮನೆಮಂದಿಯೆಲ್ಲ ಅವನೊಡನೆ ಬನಶಂಕರಿಗೆ ಹೋಗಿಬರುವುದು ಲೇಸು. ಟಿಕೆಟ್ಟಿನ ಹಣ ಪರದೆ ಎಳೆಯುವವನ ಊಟಕ್ಕಾದೀತು. ರಾತ್ರಿಯೆಲ್ಲ ಜೊತೆಯಲ್ಲಿ ಕುಳಿತು ನೋಡಿದ ತಂದೆಗೂ ಮಗನಿಗೂ ಮರುದಿನ ಬಸ್ಸಿನಲ್ಲಿ ಆಡಲು ಮಾತಾದರೂ ಇದ್ದೀತು.