ಡ್ರೈವರ್‌ಗೆ ಯಾಕೆ ವಾಂತಿ ಬರಲ್ಲ?

(1/4)

ಬಸ್ ಹತ್ತಿದ ಕೂಡಲೇ ಹೊಟ್ಟೆ ತೊಳಸೋ ಗುಂಪಿಗೆ ಸೇರಿದವರು ನೀವಾದರೆ ಇವತ್ತಿನ ಸರಣಿ ನಿಮಗೇ. ಉಳಿದವರು ಫೋಟೋ ನೋಡಿ ಮುಂದೆ ಹೋದರೂ ಬೇಜಾರಿಲ್ಲ. ಫೋಟೋದಲ್ಲಿ ಕಾಣ್ತಿರೋದು ನನ್ನ ಮೊಬೈಲು, ಅದರಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ, ಕ್ಯಾಮೆರಾ ಡ್ರೈವರ್ ಸೀಟಿನಿಂದ. ಹಿಂದೆ ಮಸುಕಾಗಿ ನಿಂತಿರೋದು ನಿಜವಾದ ಬಸ್ಸು, ದಾಂಡೇಲಿ ಸ್ಟ್ಯಾಂಡಿನಲ್ಲಿ.

ನಾನು ಜೋಯಿಡಾ ತಾಲೂಕಿನವಳು, ಬಿಕಾಂ ಓದೋದು ಹಳಿಯಾಳದಲ್ಲಿ. ನಮ್ಮ ಕಡೆ ರಸ್ತೆ ಹೇಗಿದೆ ಅಂತ ರಾಫ್ಟಿಂಗಿಗೆ ಬಂದು ಹೋದವರಿಗೂ ಗೊತ್ತು. ಕಾಡು, ತಿರುವು, ಮತ್ತೆ ತಿರುವು. ಚಿಕ್ಕವಳಿದ್ದಾಗಿಂದ ನನ್ನ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ಮೊದಲು ಪ್ಲಾಸ್ಟಿಕ್ ಚೀಲ ಇರ್ತಿತ್ತು. ಅವ್ವ ಕೈಗೆ ನಿಂಬೆಹಣ್ಣು ಕೊಟ್ಟು ಮೂಸ್ತಾ ಇರು ಅಂತಿದ್ದಳು. ಈಗಲೂ ನಿಂಬೆಹಣ್ಣಿನ ವಾಸನೆ ಬಂದರೆ ನನಗೆ ಪಾನಕ ನೆನಪಾಗಲ್ಲ, ಬಸ್ಸೇ ನೆನಪಾಗುತ್ತೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ನಮಗೆಲ್ಲ ಟಿಕೆಟ್ ಶೂನ್ಯ ಆಯ್ತು, ಜೊತೆಗೆ ಕಿಟಕಿ ಸೀಟು ಸಿಗೋ ಅವಕಾಶವೂ ಹತ್ತಿರಹತ್ತಿರ ಶೂನ್ಯವೇ ಆಯ್ತು. ನಿಂತುಕೊಂಡು ಹೋಗುವವಳ ಕಣ್ಣಿಗೆ ಕಾಣೋದು ಮುಂದಿನವರ ಬೆನ್ನು, ಅಷ್ಟೇ.

ತೊಂದರೆ ಇರೋದೇ ಅಲ್ಲಿ. ಕಿವಿಯ ಒಳಭಾಗದಲ್ಲಿ ಅರ್ಧವೃತ್ತದ ಹಾಗೆ ಬಾಗಿದ ಮೂರು ನಾಳ ಇವೆ, ಅದರೊಳಗೆ ದ್ರವ. ತಲೆ ತಿರುಗಿದಾಗ ದ್ರವ ಸ್ವಲ್ಪ ಹಿಂದೆ ಉಳಿಯುತ್ತೆ, ಅದರಿಂದ ಮಿದುಳಿಗೆ ತಿರುವು ಗೊತ್ತಾಗುತ್ತೆ. ಪಕ್ಕದಲ್ಲೇ ಸುಣ್ಣದ ಸಣ್ಣ ಸಣ್ಣ ಹರಳುಗಳೂ ಇವೆ. ವೇಗ ಏರಿದ್ದು, ಬ್ರೇಕ್ ಬಿದ್ದದ್ದು, ಬಸ್ ಒಂದು ಕಡೆ ವಾಲಿದ್ದು, ಇದನ್ನೆಲ್ಲ ಹೇಳೋದು ಅವೇ. ಕಿವಿ "ತಿರುಗ್ತಿದ್ದೀವಿ" ಅನ್ನುತ್ತೆ. ಮುಂದಿನವರ ಬೆನ್ನು ನೋಡ್ತಿರೋ ಕಣ್ಣು "ಎಲ್ಲಿ? ಎಲ್ಲಾ ನಿಂತಲ್ಲೇ ಇದೆಯಲ್ಲ" ಅನ್ನುತ್ತೆ. ಇವರಿಬ್ಬರ ಜಗಳದಲ್ಲಿ ಸಾಯೋದು ಹೊಟ್ಟೆ.

ಅದೇ ಬಸ್ಸು, ಅದೇ ತಿರುವು. ಡ್ರೈವರ್‌ಗೆ ಮಾತ್ರ ಏನೂ ಆಗಲ್ಲ. ಯಾಕೆ ಅಂತ ಯೋಚನೆ ಮಾಡಿದ್ದೀರಾ? ತಿರುವು ಬರೋದು ಅವರಿಗೆ ಮೊದಲೇ ಗೊತ್ತು. ತಿರುಗಿಸೋರೂ ಅವರೇ. ಕಿವಿಯಿಂದ ಸುದ್ದಿ ಬರೋ ಹೊತ್ತಿಗೆ ಮಿದುಳು ಅದಕ್ಕಾಗಿಯೇ ಕಾಯ್ತಾ ಕೂತಿರುತ್ತೆ.

(2/4)

ಈಗ ಆಟದ ವಿಷಯ. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಮಾಡಿದ್ದು ಮಲಿಯೋ ಅನ್ನೋ ಕಂಪನಿ, ಬಂದಿದ್ದು 2017ರಲ್ಲಿ. ನಮ್ಮ ಕಾಲೇಜಿನ ಹುಡುಗರ ಮೊಬೈಲಿನಲ್ಲಿ ಪಾಠದ ಪಿಡಿಎಫ್ ಇಲ್ಲದಿದ್ದರೂ ಇದು ಇರುತ್ತೆ. ಎಲ್ಲೋ ಇಂಡೋನೇಷ್ಯಾದ ಆಟ ನಮ್ಮಲ್ಲಿ ಯಾಕೆ ಇಷ್ಟು ಹಿಡೀತು? ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿಯಬಹುದು, ಯಾರೋ ಮಾಡಿದ ಮಾಡ್ ಹಾಕಿದರೆ ನಮ್ಮ ಕೆಂಪು ಬಸ್ಸೇ ಬರುತ್ತೆ, ಕನ್ನಡ ಬೋರ್ಡ್ ಸಮೇತ. ಎಲ್ಲರೂ ಹೇಳೋ ಕಾರಣ ಇದು. ನನ್ನ ಪ್ರಕಾರ ಇನ್ನೊಂದಿದೆ. ಇಂಡೋನೇಷ್ಯಾದಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸೋದು, ಸ್ಟೀರಿಂಗ್ ಬಲಕ್ಕೆ. ಡ್ರೈವರ್ ಸೀಟಿನ ಕ್ಯಾಮೆರಾ ಹಾಕಿದ ಕೂಡಲೇ ಬಾಗಿಲು ಎಡಗಡೆ ಎಲ್ಲಿರಬೇಕೋ ಅಲ್ಲೇ ಇರುತ್ತೆ. ಹುಟ್ಟಿದಾಗಿಂದ ನಮ್ಮ ಮೈ ಕಲಿತಿರೋ ಎಡ-ಬಲ ಆ ಆಟದಲ್ಲಿ ಕೆಡಲ್ಲ. ಹೊರಗಿನ ಕ್ಯಾಮೆರಾದಲ್ಲಿ ಆಡಿದರೆ ಅದು ಆಟದ ಸಾಮಾನು. ಒಳಗಿನ ಕ್ಯಾಮೆರಾ ಹಾಕಿ, ಬಸ್ಸು ನಿಮ್ಮದಾಗುತ್ತೆ.

ನಮ್ಮ ಮನೆಯಲ್ಲಿ ತಮ್ಮ ಆಡೋದನ್ನ ನೋಡಬೇಕು ನೀವು. ಮೊಬೈಲು ವಾಲಿಸಿ ತಿರುಗಿಸೋ ಸೆಟ್ಟಿಂಗ್ ಇಟ್ಟಿದ್ದಾನೆ. ಬಲಕ್ಕೆ ತಿರುವು ಬಂದರೆ ಮೊಬೈಲಿನ ಜೊತೆ ಕೈ, ಕೈ ಜೊತೆ ಭುಜ, ಕೊನೆಗೆ ಪೂರ್ತಿ ಹುಡುಗನೇ ಮಂಚದ ಮೇಲೆ ಬಲಕ್ಕೆ ವಾಲಿರ್ತಾನೆ. ಬ್ರೇಕ್ ಒತ್ತಬೇಕಾದರೆ ಕಾಲ್ಬೆರಳು ಬಿಗಿಯಾಗುತ್ತೆ. ಬ್ರೇಕ್ ಇರೋದು ಹೆಬ್ಬೆರಳ ಕೆಳಗೆ!

ಗ್ರಾಫಿಕ್ಸ್ ಚೆನ್ನಾಗಿರೋದಕ್ಕೆ ಹೀಗಾಗುತ್ತೆ ಅಂದುಕೊಳ್ಳಬೇಡಿ. 1976ರಲ್ಲಿ ಅಟಾರಿ ಕಂಪನಿ ನೈಟ್ ಡ್ರೈವರ್ ಅಂತ ಒಂದು ಆಟ ತಂದಿತ್ತು. ಪರದೆ ಪೂರ್ತಿ ಕಪ್ಪು, ರಸ್ತೆಯ ಎರಡೂ ಬದಿಗೆ ಬಿಳೀ ಗೂಟಗಳು, ಅಷ್ಟೇ. ನಿಮ್ಮ ಕಾರು ಅಂತ ಕಾಣ್ತಿದ್ದದ್ದೂ ಪರದೆಗೆ ಸೇರಿಸಿದ ಪ್ಲಾಸ್ಟಿಕ್ ತುಂಡು. ಆದರೆ ಕೈಗೆ ಸ್ಟೀರಿಂಗು, ಗೇರು, ಕಾಲಿಗೆ ಪೆಡಲು ಇತ್ತು. ಅದರ ವಿಡಿಯೋ ನೋಡಿದಾಗ ನನಗೆ ಅನಿಸಿದ್ದು, ರಾತ್ರಿ ಜೋಯಿಡಾ ರಸ್ತೆಯಲ್ಲಿ ಲೈಟಿಗೆ ಹೊಳೆಯೋ ರಸ್ತೆಬದಿಯ ಕಲ್ಲುಗಳು ಬಿಟ್ಟು ನಮಗೂ ಬೇರೇನು ಕಾಣುತ್ತೆ? ಮೈ ನಂಬೋದಕ್ಕೆ ಬಹಳ ಬೇಕಾಗಿಲ್ಲ.

ಮೊಬೈಲಿನ ಆಟದಲ್ಲಿ ನನಗೆ ಒಂದು ದಿನವೂ ವಾಂತಿ ಬಂದಿಲ್ಲ. ಪರದೆ ಅಂಗೈಯಷ್ಟು. ಅದರ ಸುತ್ತ ಮನೆಯ ಗೋಡೆ, ಕ್ಯಾಲೆಂಡರ್, ಒಲೆ ಹತ್ತಿರ ಅವ್ವ ಎಲ್ಲಾ ಅಲುಗಾಡದೆ ಕಾಣ್ತಾ ಇರ್ತಾರೆ.

(3/4)

ಮುಂಡಗೋಡಿನಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ. ಕಂಪ್ಯೂಟರ್, ದೊಡ್ಡ ಪರದೆ, ಒಳಗೆ ಮೋಟಾರ್ ಇರೋ ಸ್ಟೀರಿಂಗ್, ಕೆಳಗೆ ಎರಡು ಪೆಡಲ್. ಆಡೋದು ಯೂರೋ ಟ್ರಕ್ ಸಿಮ್ಯುಲೇಟರ್ 2. ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್‌ನವರು 2012ರಲ್ಲಿ ತಂದ ಆಟ. ಟಿಬೆಟಿಯನ್ ಕ್ಯಾಂಪಿನಲ್ಲಿ ಮೊಮೊ ತಿಂದು ಬಂದು ನಾನೂ ಕೂತೆ. ಹತ್ತು ನಿಮಿಷಕ್ಕೆ ಮೊಮೊ ವಾಪಸ್ ಬರೋ ಹಾಗಾಯ್ತು. ಇಲ್ಲಿ ಜಗಳ ಉಲ್ಟಾ. ಕಣ್ಣು ತುಂಬಾ ರಸ್ತೆ ಓಡ್ತಿದೆ, ಕಿವಿ ಮಾತ್ರ ಕುರ್ಚಿ ಮೇಲೆ ಸುಮ್ಮನೆ ಕೂತಿದೆ.

ಆದರೆ ನಾನು ನಿಮಗೆ ಹೇಳಬೇಕು ಅಂತಿದ್ದದ್ದು ಕಾಕಾನ ಕಥೆ. ಕಾಕಾ ಬಸ್ ಡ್ರೈವರ್ ಆಗಿದ್ದವರು, ಈಗ ರಿಟೈರ್, ಹಳಿಯಾಳದಲ್ಲಿ ಇದ್ದಾರೆ. ಮೂವತ್ತು ವರ್ಷ ಬಲಗೈ ಸ್ಟೀರಿಂಗ್ ಮೇಲೆ, ಎಡಗೈ ಗೇರಿನ ಉದ್ದ ಸರಳಿನ ಮೇಲೆ, ಎಡ ಮೊಣಕಾಲಿನ ಪಕ್ಕ ಕಾದ ಇಂಜಿನ್. ಮುಂಡಗೋಡಿಗೆ ಮನೆಯವರೆಲ್ಲಾ ಹೋದಾಗ ಅಣ್ಣ ಅವರನ್ನೂ ಕೂರಿಸಿದ. ಆ ಆಟದಲ್ಲಿ ಬ್ರಿಟನ್ ಕೂಡ ಇದೆ, ಅಲ್ಲೂ ಎಡಗಡೆಯೇ ಓಡಿಸೋದು. ಬಲಗಡೆ ಸ್ಟೀರಿಂಗಿನ ಲಾರಿ ಹಾಕಿಕೊಟ್ಟ.

ಕಾಕಾ ಮೊದಲು ಮಾಡಿದ್ದು ಕನ್ನಡಿ ನೋಡಿದ್ದು. ಆಮೇಲೆ ಇಂಡಿಕೇಟರ್. ನಾವೆಲ್ಲ ಗುದ್ದಿಕೊಂಡು ಆಡೋ ಆಟದಲ್ಲಿ ಈ ಮನುಷ್ಯ ಎರಡು ನಿಮಿಷ ಅಷ್ಟು ಚಂದ ಓಡಿಸಿದರು, ಅಣ್ಣ ಬಾಯಿ ಬಿಟ್ಟು ನೋಡ್ತಿದ್ದ. ಎಡಗಾಲು ಮಾತ್ರ ನೆಲದ ಮೇಲೆ ಏನೋ ಹುಡುಕ್ತಾ ಇತ್ತು. ಕ್ಲಚ್. ಮೂರನೇ ತಿರುವಿಗೆ ಹಣೆ ಮೇಲೆ ಬೆವರು ಬಂತು, ಐದು ನಿಮಿಷ ಆಗೋದ್ರೊಳಗೆ ಕನ್ನಡಕ ತೆಗೆದಿಟ್ಟು ಎದ್ದು ಅಂಗಳಕ್ಕೆ ಹೋದರು. ಜೀವಮಾನದಲ್ಲಿ ಬಸ್ಸಿನಲ್ಲಿ ಒಂದು ಸಲವೂ ವಾಂತಿ ಬರದ ಮನುಷ್ಯ!

ನೀರು ಕುಡಿದು ಹೇಳಿದ್ದು ಇಷ್ಟು. "ಗಾಡಿ ಹೊಂಟೈತಿ, ಆದ್ರ ನಾ ಹೊಂಟಿಲ್ಲ."

ಆಮೇಲೆ ನಾನು ಓದಿದೆ. 1950ರ ದಶಕದಲ್ಲೇ ಅಮೆರಿಕದವರು ಅಲುಗಾಡದ ಹೆಲಿಕಾಪ್ಟರ್ ಸಿಮ್ಯುಲೇಟರಿನಲ್ಲಿ ಇದನ್ನ ಕಂಡಿದ್ದರು. ಹೊಸದಾಗಿ ಕಲಿಯೋರಿಗಿಂತ ಕಲಿಸೋ ಅನುಭವಿ ಪೈಲಟ್‌ಗಳಿಗೇ ತಲೆಸುತ್ತು ಜಾಸ್ತಿ. ಗೊತ್ತಿರೋ ಮೈ ಕಾಯುತ್ತೆ. ಸ್ಟೀರಿಂಗ್ ಇಷ್ಟು ತಿರುಗಿಸಿದರೆ ಸೊಂಟದ ಮೇಲೆ ಇಷ್ಟು ಭಾರ ಬೀಳಬೇಕು ಅಂತ ಮೂವತ್ತು ವರ್ಷದ ಲೆಕ್ಕ ಇದೆ, ಆ ಭಾರ ಬರೋದೇ ಇಲ್ಲ. ನನಗೆ ಆ ಲೆಕ್ಕವೇ ಇಲ್ಲ, ಹಾಗಾಗಿ ನಾನು ಹತ್ತು ನಿಮಿಷ ತಾಳಿದೆ. ನಾವು "ಸಖತ್ ರಿಯಲ್" ಅಂತ ಹೊಗಳೋ ಆಟ ಯಾರಿಗೆ ರಿಯಲ್ ಅನ್ನೋ ಪ್ರಶ್ನೆ ಅವತ್ತಿಂದ ನನ್ನ ತಲೆಯಲ್ಲಿದೆ.

ಭಾರವನ್ನ ಹುಟ್ಟಿಸೋಕೆ ಜನ ಪ್ರಯತ್ನ ಮಾಡಿಲ್ಲ ಅಂತಲ್ಲ. 1929ರಲ್ಲಿ ಎಡ್ವಿನ್ ಲಿಂಕ್ ಅನ್ನೋನು ವಿಮಾನ ಕಲಿಸೋ ಪೆಟ್ಟಿಗೆ ಮಾಡಿದ. ಅವರ ಮನೆಯವರು ಪಿಯಾನೋ, ಆರ್ಗನ್ ಮಾಡೋರು. ಆರ್ಗನ್ನಿನ ತಿದಿಗಳನ್ನೇ ಕೆಳಗಿಟ್ಟು ಪೆಟ್ಟಿಗೆ ವಾಲೋ ಹಾಗೆ ಮಾಡಿದ. ಈಗಿನ ದೊಡ್ಡ ಸಿಮ್ಯುಲೇಟರ್‌ಗಳು ಇನ್ನೂ ಜಾಣ. ವೇಗ ಏರೋದು ತೋರಿಸಬೇಕಾದರೆ ನಿಮ್ಮನ್ನ ಕೂರಿಸಿದ ಗೂಡನ್ನೇ ಮೆಲ್ಲಗೆ ಹಿಂದಕ್ಕೆ ವಾಲಿಸ್ತಾವೆ. ಬೆನ್ನು ಸೀಟಿಗೆ ಒತ್ತುತ್ತೆ, ಹೊರಗೆ ಕಾಣಲ್ಲ, ಹಾಗಾಗಿ ವಾಲಿದ್ದೋ ವೇಗ ಏರಿದ್ದೋ ಕಿವಿಯ ಹರಳುಗಳಿಗೆ ತಿಳಿಯಲ್ಲ. ಆದರೆ ಅಣಶಿ ಘಾಟ್ ಇಳಿಯುವಾಗ ಹಿಂದೆ ಕೂತ ಐವತ್ತು ಜನರ ಭಾರ ಬೆನ್ನನ್ನ ತಳ್ಳುತ್ತಲ್ಲ, ಅದಕ್ಕೆ ಯಾವ ತಿದಿ ಇಡ್ತೀರಿ? "ಯಾವ ಗೇರಿನ್ಯಾಗ ಏರತೀವೋ ಅದ ಗೇರಿನ್ಯಾಗ ಇಳೀಬೇಕ" ಅಂತಾರೆ ಕಾಕಾ. ಆಟದಲ್ಲಿ ಬ್ರೇಕ್ ಕಾದ ವಾಸನೆ ಬರಲ್ಲ.

(4/4)

ಇಷ್ಟೆಲ್ಲಾ ಯಾಕೆ ಕೊರೀತಿದ್ದೀನಿ ಅಂದರೆ, ಮೊಬೈಲಿನ ಆಟದಿಂದ ನನಗೆ ಒಂದು ಲಾಭ ಆಯ್ತು. ಡ್ರೈವರ್ ಕಣ್ಣು ಎಲ್ಲಿರುತ್ತೆ ಅಂತ ಕಲಿತೆ. ಬಾನೆಟ್ ಮುಂದೆ ಅಲ್ಲ, ತಿರುವು ಮುಗಿಯೋ ಕಡೆ. ಹೆಂಗಸರ ಸೀಟು ಮುಂದೆ ಸಿಕ್ಕಿದ ದಿನ ಗಾಜಿನಾಚೆ ನೋಡ್ತಾ ಮನಸ್ಸಿನಲ್ಲೇ ಬಸ್ ಓಡಿಸ್ತೀನಿ. ಈಗ ಇಳಿಸಬೇಕು ಗೇರು, ಈಗ ತಿರುಗಿಸಬೇಕು. ಈ ಸೆಮಿಸ್ಟರಿನಲ್ಲಿ ಚೀಲ ತೆಗೆದದ್ದು ಎರಡೇ ಸಲ, ಎರಡೂ ದಿನ ನಿಂತು ಹೋಗಿದ್ದೆ. ನೀವೂ ಮಾಡಿ ನೋಡಿ, ಖರ್ಚಿಲ್ಲ.

ಇನ್ನೊಂದು ವಿಷಯ ಮನೆಯಲ್ಲಿ ಪೂರ್ತಿ ಹೇಳಿಲ್ಲ, ಇಲ್ಲಿ ಹೇಳ್ತಿದ್ದೀನಿ. ನನಗೆ ಈಗ 20. ಕಾನೂನಿನ ಪ್ರಕಾರ ಬಸ್, ಲಾರಿಯಂಥ ಸಾರಿಗೆ ವಾಹನ ಓಡಿಸೋ ವಯಸ್ಸು ಇದೇ. ಆದರೆ ಮೊದಲು ಕಾರಿನ ಲೈಸೆನ್ಸ್ ತಗೊಂಡು ಒಂದು ವರ್ಷ ಆಗಬೇಕು. ಸ್ಕೂಟಿ ಲೈಸೆನ್ಸ್ ಲೆಕ್ಕಕ್ಕಿಲ್ಲ. ಕಾರಿನ ಎಲ್‌ಎಲ್‌ಆರ್ ಬಂದಿದೆ. ಅಪ್ಪ ಖುಷಿಯಾಗಿದ್ದಾರೆ, ಬ್ಯಾಂಕ್ ನೌಕರಿ ಸಿಕ್ಕರೆ ಕಾರು ಬೇಕಾಗುತ್ತಲ್ಲ ಅಂತ. ಬೆಂಗಳೂರಿನ ಬಿಎಂಟಿಸಿಯಲ್ಲಿ ಪ್ರೇಮಾ ರಾಮಪ್ಪ ನಡಪಟ್ಟಿ ಅವರು ಬಸ್ ಓಡಿಸಿದ್ದಾರೆ ಅಂತ ಊಟಕ್ಕೆ ಕೂತಾಗ ಸುಮ್ಮನೆ ಹೇಳಿ ನೋಡಿದೆ. "ಅದು ಬೆಂಗಳೂರು" ಅಂದಳು ಅವ್ವ. ಬಿಕಾಂ ಓದಿ ಡ್ರೈವರ್ ಆಗ್ತೀಯಾ ಅಂತ ಯಾರೂ ಕೇಳಿಲ್ಲ ಇನ್ನೂ. ಕೇಳ್ತಾರೆ.

ಕಾಕಾಗೆ ಮಾತ್ರ ಗೊತ್ತು. ಭಾನುವಾರ ಹಳಿಯಾಳದ ಹೊರಗೆ ಒಂದು ಖಾಲಿ ಮೈದಾನದಲ್ಲಿ, ಎಲ್ ಬೋರ್ಡ್ ಅಂಟಿಸಿದ ಹಳೇ ಕಾರಿನಲ್ಲಿ ಕಲಿಸ್ತಿದ್ದಾರೆ. ಮೊದಲ ಎರಡು ವಾರ ಸ್ಟೀರಿಂಗ್ ಮುಟ್ಟೋಕೂ ಬಿಡಲಿಲ್ಲ, ಬರೀ ಕ್ಲಚ್. ಆಕ್ಸಿಲರೇಟರ್ ಒತ್ತಬೇಡ, ಕ್ಲಚ್ ಮೆಲ್ಲಗೆ ಬಿಡು, ಗಾಡಿ ತಾನಾಗೇ ಜರುಗೋ ಜಾಗ ಹುಡುಕು. ಇಪ್ಪತ್ತು ಸಲ ಬಂದ್ ಬಿತ್ತು. ಇಪ್ಪತ್ತೊಂದನೇ ಸಲ ಇಂಜಿನ್ ದನಿ ಸ್ವಲ್ಪ ಇಳೀತು, ಪೆಡಲು ಸಣ್ಣಗೆ ನಡುಗ್ತು, ಕಾರು ಇರುವೆ ಹೋದ ಹಾಗೆ ಮುಂದೆ ಹೋಯ್ತು.

"ಗೊತ್ತಾತೇನ?"

"ಹ್ಞೂಂ ಕಾಕಾ."

"ಎಲ್ಲಿ ಗೊತ್ತಾತು?"

ನಾನು ಪಾದ ತೋರಿಸಿದೆ.

"ಇನ್ನೂ ಮ್ಯಾಲ ಬರಬೇಕು" ಅಂತ ತಮ್ಮ ಸೊಂಟ ಮುಟ್ಟಿ ತೋರಿಸಿದರು.

ಮುಂದಿನ ಸರಣಿ ಪರೀಕ್ಷೆ ಮುಗಿದ ಮೇಲೆ. ಕಾಸ್ಟ್ ಅಕೌಂಟಿಂಗ್ ಇನ್ನೂ ಮುಟ್ಟಿಲ್ಲ.

#ದಾಂಡೇಲಿ #ಹಳಿಯಾಳ #ಜೋಯಿಡಾ #ಮುಂಡಗೋಡ #ಕೆಂಪುಬಸ್ಸು